ಅಮೆರಿಕದ ಚಿಲ್ಲರೆಯಲ್ಲಿ ಯಾರ ಮುಖ, ಯಾವ ಕಟ್ಟಡ? ಗುರುತಿಸುವುದು ಹೀಗೆ

‘ಕಂಬಗಳಿರುವ ಕಟ್ಟಡ ವೈಟ್ ಹೌಸಾ?’ ‘1788 ಅಂತ ಬರೆದಿರೋ ನಾಣ್ಯ ಸಿಕ್ಕಿದೆ, ಎಷ್ಟು ಬೆಲೆ ಬಾಳುತ್ತೆ?’ ‘ಎಲ್ಲಕ್ಕಿಂತ ಪುಟ್ಟದು ಒಂದು ಸೆಂಟ್ ತಾನೇ?’

ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ‘ಅಲ್ಲ’. ಎರಡನೆಯದಕ್ಕೆ ಉತ್ತರ ‘ಕಾಲು ಡಾಲರ್’. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮಗಳ ಮನೆಗೆ ಆರು ತಿಂಗಳು ಹೋಗಿ ಬಂದವರ ಬ್ಯಾಗಿನ ತಳದಲ್ಲಿ ಒಂದಷ್ಟು ಚಿಲ್ಲರೆ ಉಳಿದೇ ಇರುತ್ತದೆ. ಹಣ ಬದಲಾಯಿಸುವ ಅಂಗಡಿಯವರು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಹಾಗಾಗಿ ಅದು ಒಂದು ಡಬ್ಬಿ ಸೇರುತ್ತದೆ. ಇಟ್ಟುಕೊಳ್ಳುವುದಕ್ಕೆ ಹೆದರಬೇಕಿಲ್ಲ. ವಿದೇಶಿ ನೋಟುಗಳಿಗೆ 2000 ಡಾಲರ್ ಮಿತಿ ಇದೆ, ನಾಣ್ಯಗಳಿಗೆ ನಮ್ಮ ಕಾನೂನಿನಲ್ಲಿ ಮಿತಿಯೇ ಇಲ್ಲ. ಇವತ್ತು ಆ ಡಬ್ಬಿಯನ್ನು ಮೇಜಿನ ಮೇಲೆ ಸುರಿದುಕೊಂಡು ಕೂರೋಣ.

ಶುರು ಮಾಡುವ ಮೊದಲೇ ಒಂದು ಮಾತು. ಮುಖ ನೋಡಿದ ಕೂಡಲೇ ಹೆಸರು ಹೇಳಲು ಹೋಗಬೇಡಿ. ಅಕ್ಷರ ಮೊದಲು, ಇಸವಿ ಆಮೇಲೆ, ಮುಖ ಕೊನೆಗೆ. ಇಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಕ್ರಮ ತಿರುವುಮುರುವಾದದ್ದರಿಂದಲೇ ಆಗುತ್ತವೆ.

ಬೇಕಾಗುವ ಸಾಮಾನು

ಒಂದು ಭೂತಗನ್ನಡಿ (ಮೊಬೈಲ್ ಕ್ಯಾಮೆರಾದ ಜೂಮ್ ಆದರೂ ನಡೆಯುತ್ತದೆ), ಮೆತ್ತನೆಯ ಬಟ್ಟೆ, ಪಕ್ಕದಿಂದ ಬೀಳುವ ಬೆಳಕು, ಒಂದು ನೋಟ್‌ಬುಕ್ಕು. ನೇರ ಮೇಲಿನಿಂದ ಬೆಳಕು ಬಿದ್ದರೆ ಸವೆದ ಉಬ್ಬುಚಿತ್ರ ಕಾಣುವುದಿಲ್ಲ. ಕಿಟಕಿಯ ಪಕ್ಕ ಕೂತು ನಾಣ್ಯವನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ, ಅಳಿಸಿಹೋದಂತಿದ್ದ ಮೂಗು, ಕಿವಿ ಎದ್ದು ಬರುತ್ತವೆ.

ಬೇಡದ ಸಾಮಾನು: ಹುಣಸೆಹಣ್ಣು, ನಿಂಬೆಹೋಳು, ಬೂದಿ, ಪಾತ್ರೆ ಉಜ್ಜುವ ಪುಡಿ. ಪೂಜೆಯ ತಾಮ್ರದ ಚೊಂಬಿಗೆ ಮಾಡುವುದನ್ನು ಸೆಂಟ್ ನಾಣ್ಯಕ್ಕೆ ಮಾಡಬೇಡಿ. ಹೊಳಪು ಬರುವುದು ನಿಜ, ಆದರೆ ಮೇಲ್ಮೈ ಸವೆದು ನಾಣ್ಯ ಸಂಗ್ರಹಕಾರರ ಕಣ್ಣಿನಲ್ಲಿ ಅಲ್ಲಿಗೆ ಸತ್ತಂತೆ.

ಹಂತ 1: ಗಾತ್ರ, ಬಣ್ಣ ನೋಡಿ ಗುಂಪು ಮಾಡಿ

ತಾಮ್ರದ ಬಣ್ಣದವು ಒಂದು ಕಡೆ, ಬೆಳ್ಳಿ ಬಣ್ಣದವು ಒಂದು ಕಡೆ, ಹಿತ್ತಾಳೆಯಂತೆ ಹಳದಿಯಾದವು ಇನ್ನೊಂದು ಕಡೆ.

ತಾಮ್ರದ ಬಣ್ಣದ್ದು ಒಂದು ಸೆಂಟ್, ಬಾಯಿಮಾತಿನಲ್ಲಿ ‘ಪೆನ್ನಿ’. ಹಳದಿಯದು ಒಂದು ಡಾಲರ್. ಬೆಳ್ಳಿ ಬಣ್ಣದ ಗುಂಪಿನಲ್ಲೇ ಎಡವಟ್ಟಾಗುವುದು. ಅಡ್ಡಳತೆ 17.91 ಮಿಲಿಮೀಟರ್ ಇರುವ ಪುಟಾಣಿ ಹತ್ತು ಸೆಂಟು, ಅದೇ ‘ಡೈಮ್’. 21.21 ಮಿ.ಮೀ. ಇರುವ ದಪ್ಪನೆಯದು ಐದು ಸೆಂಟು, ಅಂದರೆ ‘ನಿಕಲ್’. ಐದಕ್ಕಿಂತ ಹತ್ತು ಚಿಕ್ಕದು, ಒಂದಕ್ಕಿಂತಲೂ ಚಿಕ್ಕದು! ಡೈಮನ್ನು ಹಿಂದೆ ಬೆಳ್ಳಿಯಲ್ಲಿ ಮಾಡುತ್ತಿದ್ದರು, ಬೆಳ್ಳಿಯ ಬೆಲೆಗೆ ತಕ್ಕಷ್ಟೇ ಗಾತ್ರ ಇಟ್ಟಿದ್ದರು. ಬೆಳ್ಳಿ ಹೋಯಿತು, ಗಾತ್ರ ಉಳಿಯಿತು. 24.26 ಮಿ.ಮೀ.ನದು ಕಾಲು ಡಾಲರ್, ಅಂದರೆ ‘ಕ್ವಾರ್ಟರ್’. ನಿಮ್ಮ ಡಬ್ಬಿಯಲ್ಲಿ ಅತಿ ಹೆಚ್ಚು ಇರುವುದೂ, ಅತಿ ಹೆಚ್ಚು ಹೊತ್ತು ಹಿಡಿಸುವುದೂ ಅದೇ. 30.61 ಮಿ.ಮೀ.ನ ಅರ್ಧ ಡಾಲರ್ ಅಂಗಡಿಯ ಚಿಲ್ಲರೆಯಲ್ಲಿ ಅಪರೂಪ.

ಹಂತ 2: ಬೆಲೆಯನ್ನು ಅಕ್ಷರದಲ್ಲಿ ಓದಿ

ನಮ್ಮ ಐದು ರೂಪಾಯಿಯ ಮೇಲೆ ‘5’ ಎಂದು ದೊಡ್ಡದಾಗಿ ಇರುತ್ತದೆ. ಅಲ್ಲಿನ ಸಣ್ಣ ಚಿಲ್ಲರೆಯಲ್ಲಿ ಅಂಕಿಯೇ ಇಲ್ಲ. ‘ಒನ್ ಸೆಂಟ್’, ‘ಫೈವ್ ಸೆಂಟ್ಸ್’, ‘ಒನ್ ಡೈಮ್’, ‘ಕ್ವಾರ್ಟರ್ ಡಾಲರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ. ಡೈಮ್ ಎಂದರೆ ಡಾಲರಿನ ಹತ್ತನೇ ಒಂದು ಭಾಗ ಎಂದು ಗೊತ್ತಿಲ್ಲದವರಿಗೆ ಅದರ ಬೆಲೆ ತಿಳಿಯುವ ದಾರಿಯೇ ಇಲ್ಲ.

ಇನ್ನು ಮೂರು ಮಾತು ಬಹುತೇಕ ಎಲ್ಲದರ ಮೇಲೂ ಬರುತ್ತವೆ, ಗಾಬರಿಯಾಗಬೇಡಿ. ‘ಲಿಬರ್ಟಿ’ ಎಂದರೆ ಸ್ವಾತಂತ್ರ್ಯ. ‘ಇನ್ ಗಾಡ್ ವಿ ಟ್ರಸ್ಟ್’ ಎಂದರೆ ದೇವರಲ್ಲಿ ನಮ್ಮ ನಂಬಿಕೆ. ‘ಇ ಪ್ಲೂರಿಬಸ್ ಊನಮ್’ ಲ್ಯಾಟಿನ್ ಭಾಷೆಯದು, ಹಲವರಿಂದ ಒಂದಾದದ್ದು ಎಂದು ಅರ್ಥ. ಇವು ಯಾವುವೂ ವ್ಯಕ್ತಿಯ ಹೆಸರಲ್ಲ. ತಲೆಯ ಪಕ್ಕ ‘ಲಿಬರ್ಟಿ’ ಎಂದಿರುವುದನ್ನು ಓದಿ ‘ಇವರು ಲಿಬರ್ಟಿ ಅನ್ನೋರು’ ಎಂದು ಬರೆದಿಟ್ಟುಕೊಂಡವರಿದ್ದಾರೆ.

ನಾಣ್ಯ ತಿರುಗಿಸುವುದರಲ್ಲೂ ಒಂದು ಮಾತಿದೆ. ಪುಸ್ತಕದ ಪುಟ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯ ಕಟ್ಟಡ ತಲೆಕೆಳಗಾಗಿ ಕಾಣುತ್ತದೆ. ಅಚ್ಚಿನ ದೋಷ ಸಿಕ್ಕಿತೆಂದು ಹಿಗ್ಗಬೇಡಿ. ಅಮೆರಿಕದ ನಾಣ್ಯಗಳ ಅಚ್ಚು ಇರುವುದೇ ಹಾಗೆ. ಮೇಲಿನಿಂದ ಕೆಳಕ್ಕೆ ತಿರುಗಿಸಿ.

ಹಂತ 3: ಇಸವಿ ಹುಡುಕಿ, ಆದರೆ ಸರಿಯಾದ ಇಸವಿ ಹುಡುಕಿ

1788ರ ಪ್ರಶ್ನೆ ಇಲ್ಲಿ ಬಗೆಹರಿಯುತ್ತದೆ. 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳಿಗೆ ಐವತ್ತು ಕ್ವಾರ್ಟರ್ ಬಂದವು. ಅವುಗಳ ಹಿಂಬದಿಯಲ್ಲಿ ಎರಡು ಇಸವಿ ಇರುತ್ತವೆ. ರಾಜ್ಯದ ಹೆಸರಿನ ಕೆಳಗೆ ಮೇಲ್ಗಡೆ ಇರುವುದು ಆ ರಾಜ್ಯ ಒಕ್ಕೂಟ ಸೇರಿದ ವರ್ಷ. ಕೆಳ ಅಂಚಿನಲ್ಲಿ ಇರುವುದು ನಾಣ್ಯ ಅಚ್ಚಾದ ವರ್ಷ. ನ್ಯೂ ಹ್ಯಾಂಪ್‌ಶೈರ್ ನಾಣ್ಯದಲ್ಲಿ ಮೇಲೆ 1788, ಕೆಳಗೆ 2000. ತಲೆಯ ಬದಿಯಲ್ಲಿ ಇಸವಿಯೇ ಇಲ್ಲದ ಕಾರಣ ಜನ ಕಣ್ಣಿಗೆ ಮೊದಲು ಬಿದ್ದದ್ದನ್ನು ಹಿಡಿದುಕೊಳ್ಳುತ್ತಾರೆ.

ಇದೇ ಬಗೆಯ ಇನ್ನೊಂದು ಗುಂಡಿ: ‘1776–1976’ ಎಂಬ ಜೋಡಿ ಇಸವಿ. ಅದು ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆ ಮಾಡಿದ ನಾಣ್ಯ. ಆ ಕ್ವಾರ್ಟರಿನ ಹಿಂದೆ ನಗಾರಿ ಬಾರಿಸುವವನೊಬ್ಬ ಇದ್ದಾನೆ. ಅವನು ಇಂಥವನೇ ಎಂದು ಹೆಸರಿಸಲು ಬರುವುದಿಲ್ಲ, ಆ ಕಾಲದ ಸೈನ್ಯದ ಒಬ್ಬ ನಗಾರಿಯವನು, ಅಷ್ಟೇ.

ಹಂತ 4: ಈಗ ಮುಖ ನೋಡಿ

ಅಕ್ಷರ, ಇಸವಿ ಕೈಯಲ್ಲಿದ್ದರೆ ಮುಖ ತಾನಾಗಿಯೇ ಹೊರಬರುತ್ತದೆ.

ಒಂದು ಸೆಂಟ್: ಗಡ್ಡದ ಅಬ್ರಹಾಂ ಲಿಂಕನ್. ಅವರು ಹುಟ್ಟಿ ನೂರು ವರ್ಷವಾದ 1909ರಲ್ಲಿ ಬಂದರು. ದಿನಬಳಕೆಯ ನಾಣ್ಯದ ಮೇಲೆ ಬಂದ ಮೊದಲ ಅಧ್ಯಕ್ಷರು ಅವರೇ. ಅವರ ಮುಖ ನೋಡುಗರ ಬಲಕ್ಕೆ ತಿರುಗಿದೆ. 2025ರ ನವೆಂಬರ್ 12ರಂದು ಚಲಾವಣೆಗೆಂದು ಕೊನೆಯ ಪೆನ್ನಿಯನ್ನು ಟಂಕಿಸಿದರು. ಆದರೆ ನಿಮ್ಮ ಹತ್ತಿರ ಇರುವುದು ರದ್ದಾಗಿಲ್ಲ, ಅಲ್ಲಿ ಈಗಲೂ ಸಲ್ಲುತ್ತದೆ.

ಐದು ಸೆಂಟ್: ಥಾಮಸ್ ಜೆಫರ್ಸನ್, 1938ರಿಂದ. 2004ರವರೆಗೆ ಎಡಕ್ಕೆ ನೋಡುವ ಪಕ್ಕನೋಟ. 2005ರಲ್ಲಿ ಒಂದೇ ವರ್ಷ ಮುಖವನ್ನು ತೀರ ಹತ್ತಿರದಿಂದ, ಬಲಕ್ಕೆ ತಿರುಗಿಸಿ, ಅಂಚಿಗೆ ತಾಗುವಂತೆ ಕೊರೆದರು. 2006ರಿಂದ ನೇರ ನಿಮ್ಮನ್ನೇ ನೋಡುತ್ತಾರೆ. ಮೂರೂ ಬೇರೆ ಬೇರೆ ವ್ಯಕ್ತಿ ಎಂದುಕೊಳ್ಳಬೇಡಿ.

ಹತ್ತು ಸೆಂಟ್: ಫ್ರಾಂಕ್ಲಿನ್ ರೂಸ್‌ವೆಲ್ಟ್, 1946ರಿಂದ. ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಅವರು ಕಟ್ಟಿದ ಪೋಲಿಯೋ ನಿಧಿಗೆ ಜನ ಡೈಮ್‌ಗಳನ್ನೇ ಕಳಿಸುತ್ತಿದ್ದರು, ಹಾಗಾಗಿ ಆ ನಾಣ್ಯ ಅವರಿಗೆ ಒಪ್ಪಿತು. ಕತ್ತಿನ ಬಳಿ ‘ಜೆ ಎಸ್’ ಎಂಬ ಎರಡು ಸಣ್ಣ ಅಕ್ಷರಗಳಿವೆ, ಕೊರೆದ ಜಾನ್ ಸಿನಾಕ್ ಅವರ ಮೊದಲಕ್ಷರಗಳು. ‘ಇದು ಜೋಸೆಫ್ ಸ್ಟಾಲಿನ್!’ ಎಂದು ಆಗ ಅಲ್ಲಿ ಗುಲ್ಲೆದ್ದಿತ್ತು. ಸುಳ್ಳು ಸುದ್ದಿಗೆ ಮೊಬೈಲ್ ಬೇಕೆಂದೇನಿಲ್ಲ.

ಕಾಲು ಡಾಲರ್: ಜಾರ್ಜ್ ವಾಷಿಂಗ್ಟನ್, 1932ರಿಂದ, ಅವರು ಹುಟ್ಟಿ ಇನ್ನೂರು ವರ್ಷವಾದಾಗ. 2021ರವರೆಗೆ ಎಡಕ್ಕೆ ನೋಡುತ್ತಾರೆ, 2022ರಿಂದ 2025ರವರೆಗೆ ಬಲಕ್ಕೆ. ಬಲಕ್ಕೆ ತಿರುಗಿದ ವಾಷಿಂಗ್ಟನ್ ಮೊದಲ ಸಲ ಕೈಗೆ ಬಂದಾಗ ಖೋಟಾ ನಾಣ್ಯ ಎಂದುಕೊಂಡು ನಾನೇ ಪಕ್ಕಕ್ಕಿಟ್ಟಿದ್ದೆ. ಅದು ಶಿಲ್ಪಿ ಲಾರಾ ಗಾರ್ಡಿನ್ ಫ್ರೇಸರ್ 1932ರ ನಾಣ್ಯಕ್ಕೆಂದು ಮಾಡಿಕೊಟ್ಟಿದ್ದ ಮುಖ. ಆಗ ಕಲಾ ಆಯೋಗ ಮೆಚ್ಚಿದರೂ ಖಜಾನೆಯವರು ಜಾನ್ ಫ್ಲಾನಗನ್ ಮಾಡಿದ್ದನ್ನೇ ಆರಿಸಿದರು. ತೊಂಬತ್ತು ವರ್ಷ ಕಾದು ಆಕೆಯ ಕೆಲಸ ಜನರ ಜೇಬಿಗೆ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಫ್ರೇಸರ್ ಅವರದೇ ಚೆಂದ ಎನ್ನುವವನು ನಾನು.

ಅರ್ಧ ಡಾಲರ್: ಜಾನ್ ಕೆನಡಿ. 1963ರ ನವೆಂಬರಿನಲ್ಲಿ ಅವರ ಹತ್ಯೆಯಾಯಿತು, 1964ರ ಇಸವಿ ಹೊತ್ತು ನಾಣ್ಯ ಬಂದೇಬಿಟ್ಟಿತು. 1963 ಅಥವಾ ಅದಕ್ಕಿಂತ ಹಿಂದಿನ, 1948ರವರೆಗಿನ ಅರ್ಧ ಡಾಲರ್ ಸಿಕ್ಕರೆ ಅದರಲ್ಲಿರುವುದು ಬೆಂಜಮಿನ್ ಫ್ರಾಂಕ್ಲಿನ್. ಅವರು ಅಧ್ಯಕ್ಷರಾಗಿದ್ದವರಲ್ಲ.

ಹಳೆಯ ನಾಣ್ಯದಲ್ಲಿ ಹೆಂಗಸಿನ ಮುಖ ಕಂಡರೆ ಹೆಸರು ಹುಡುಕುತ್ತಾ ಕೂರಬೇಡಿ. ಬಹುಪಾಲು ಅದು ‘ಲಿಬರ್ಟಿ’, ಸ್ವಾತಂತ್ರ್ಯಕ್ಕೆ ಕೊಟ್ಟ ಹೆಣ್ಣುರೂಪ, ನಮ್ಮ ಭಾರತಮಾತೆಯ ಚಿತ್ರದ ಹಾಗೆ. 1916ರಿಂದ 1945ರವರೆಗಿನ ಡೈಮನ್ನು ‘ಮರ್ಕ್ಯುರಿ ಡೈಮ್’ ಎನ್ನುತ್ತಾರೆ. ಆದರೆ ರೆಕ್ಕೆಯ ಟೋಪಿ ಹಾಕಿದ ಆ ಮುಖ ಮರ್ಕ್ಯುರಿ ದೇವನದಲ್ಲ, ಅದೂ ಲಿಬರ್ಟಿಯೇ. 1859ರಿಂದ 1909ರವರೆಗಿನ ‘ಇಂಡಿಯನ್ ಹೆಡ್’ ಸೆಂಟ್‌ನಲ್ಲಿ ಗರಿಗಳ ಶಿರಸ್ತ್ರಾಣ ತೊಟ್ಟವಳೂ ಅವಳೇ. ಆ ‘ಇಂಡಿಯನ್’ ಅಲ್ಲಿನ ಮೂಲನಿವಾಸಿಗಳಿಗೆ ಇಟ್ಟ ಹೆಸರು, ನಮಗೂ ಅದಕ್ಕೂ ಸಂಬಂಧವಿಲ್ಲ.

ಹಂತ 5: ಹಿಂಬದಿಯ ಕಟ್ಟಡ

ವೈಟ್ ಹೌಸ್ ಪ್ರಶ್ನೆಗೆ ಉತ್ತರ ಇಲ್ಲಿದೆ. ದಿನಬಳಕೆಯ ಚಿಲ್ಲರೆಯಲ್ಲಿ ವೈಟ್ ಹೌಸ್ ಹುಡುಕಬೇಡಿ. ಅದು 20 ಡಾಲರ್ ನೋಟಿನ ಹಿಂದೆ ಇದೆ.

ಸೆಂಟ್‌ನ ಹಿಂದೆ ಕಂಬಗಳ ಸಾಲು ಇದ್ದರೆ ಅದು ವಾಷಿಂಗ್ಟನ್ ನಗರದ ಲಿಂಕನ್ ಸ್ಮಾರಕ. 1922ರಲ್ಲಿ ಲೋಕಾರ್ಪಣೆಯಾದದ್ದು, ವಾಸ್ತುಶಿಲ್ಪಿ ಹೆನ್ರಿ ಬೇಕನ್. ಸುತ್ತ 36 ಕಂಬಗಳು, ಲಿಂಕನ್ ಸಾಯುವಾಗ ಒಕ್ಕೂಟದಲ್ಲಿದ್ದ ರಾಜ್ಯಗಳ ಲೆಕ್ಕ. ನಾಣ್ಯದಲ್ಲಿ ಮುಂಭಾಗದ ಹನ್ನೆರಡು ಮಾತ್ರ ಕಾಣುತ್ತವೆ. ಈಗ ಭೂತಗನ್ನಡಿ ತೆಗೆದುಕೊಂಡು ನಟ್ಟನಡುವಿನ ಎರಡು ಕಂಬಗಳ ಸಂದಿ ನೋಡಿ. ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಉಬ್ಬು ಇದೆ. ಸವೆಯದ ನಾಣ್ಯದಲ್ಲಾದರೆ ಅದು ಕುರ್ಚಿಯಲ್ಲಿ ಕೂತ ಮನುಷ್ಯನೆಂದು ತಿಳಿಯುತ್ತದೆ. ಒಳಗಿರುವ ಲಿಂಕನ್ ಪ್ರತಿಮೆ ಅದು. ಅಂದರೆ ಒಂದೇ ನಾಣ್ಯದ ಎರಡೂ ಬದಿಯಲ್ಲಿ ಒಬ್ಬರೇ ವ್ಯಕ್ತಿ. ಮಕ್ಕಳ ಕೈಗೆ ಕೊಟ್ಟು ಹುಡುಕಲು ಹೇಳಿ, ಅರ್ಧ ಗಂಟೆ ಮನೆ ತಣ್ಣಗಿರುತ್ತದೆ.

ಈ ಸ್ಮಾರಕ ಇರುವುದು 1959ರಿಂದ 2008ರವರೆಗಿನ ಸೆಂಟ್‌ಗಳಲ್ಲಿ ಮಾತ್ರ. ಅದಕ್ಕೂ ಹಿಂದಿನವುಗಳಲ್ಲಿ ಎರಡು ಗೋಧಿ ತೆನೆ, 2010ರಿಂದ ಗುರಾಣಿ. ನಡುವೆ 2009 ಒಂದು ವರ್ಷ ಲಿಂಕನ್ ಬದುಕಿನ ನಾಲ್ಕು ಚಿತ್ರಗಳು: ಕೆಂಟಕಿಯಲ್ಲಿ ಹುಟ್ಟಿದ ಮರದ ದಿಮ್ಮಿಗಳ ಗುಡಿಸಲು, ಇಂಡಿಯಾನಾದಲ್ಲಿ ದಿಮ್ಮಿಯ ಮೇಲೆ ಕೂತು ಓದುವ ಹುಡುಗ, ಸ್ಪ್ರಿಂಗ್‌ಫೀಲ್ಡಿನ ಇಲಿನಾಯ್ ಶಾಸನಸಭೆಯ ಕಟ್ಟಡದ ಮುಂದೆ ನಿಂತ ವಕೀಲ, ಕೊನೆಗೆ ವಾಷಿಂಗ್ಟನ್ನಿನ ಕ್ಯಾಪಿಟಲ್, ಅಂದರೆ ಸಂಸತ್ ಭವನ. ಆ ಕೊನೆಯದರಲ್ಲಿ ಗುಮ್ಮಟ ಅರ್ಧಕ್ಕೇ ನಿಂತಿದೆ. ಸವೆದು ಹೋದದ್ದೆಂದು ಎಸೆಯಬೇಡಿ. ಲಿಂಕನ್ ಅಧಿಕಾರಕ್ಕೆ ಬಂದಾಗ ಗುಮ್ಮಟದ ಕೆಲಸ ಇನ್ನೂ ಮುಗಿದಿರಲಿಲ್ಲ.

ನಿಕಲ್‌ನ ಹಿಂದಿರುವ ಗುಮ್ಮಟದ ಮನೆ ‘ಮಾಂಟಿಚೆಲೊ’, ವರ್ಜೀನಿಯಾದ ಶಾರ್ಲಟ್ಸ್‌ವಿಲ್ ಹತ್ತಿರ ಜೆಫರ್ಸನ್ ತಾವೇ ನಕ್ಷೆ ಬರೆದು ಕಟ್ಟಿಸಿದ ಮನೆ. ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಬೆಟ್ಟ ಎಂದರ್ಥ. ಹೆಸರನ್ನು ಕಟ್ಟಡದ ಕೆಳಗೇ ಬರೆದಿರುವುದರಿಂದ ತಪ್ಪಲು ಅವಕಾಶವಿಲ್ಲ. ಸಂಗ್ರಹಕಾರರು ಇದರ ಮುಂದಿನ ಮೆಟ್ಟಿಲುಗಳನ್ನು ಎಣಿಸುತ್ತಾರೆ. ಐದೋ ಆರೋ ಮೆಟ್ಟಿಲು ಕಡಿಯದೆ ಸ್ಪಷ್ಟವಾಗಿ ಕಂಡರೆ ಅದನ್ನು ‘ಫುಲ್ ಸ್ಟೆಪ್ಸ್’ ಎಂದು ಕರೆಯುತ್ತಾರೆ, ಬೆಲೆಯೂ ಏರುತ್ತದೆ. ‘ಎಲ್ಲ ಮನುಷ್ಯರೂ ಸಮಾನರು’ ಎಂದು ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಆ ಬೆಟ್ಟದ ಮನೆ ನಡೆಯುತ್ತಿದ್ದುದು ಆ ಗುಲಾಮರ ದುಡಿಮೆಯಿಂದ. ನಾಣ್ಯದಲ್ಲಿ ಅವರು ಕಾಣುವುದಿಲ್ಲ.

2004, 2005ರ ನಿಕಲ್‌ನಲ್ಲಿ ಮನೆ ಇಲ್ಲದಿದ್ದರೆ ಗಾಬರಿ ಬೇಡ. ಆ ಎರಡು ವರ್ಷ ಹಸ್ತಲಾಘವ, ದೋಣಿ, ಕಾಡೆಮ್ಮೆಯಂಥ ಬೈಸನ್, ಸಮುದ್ರತೀರ ಬಂದವು. 2006ರಲ್ಲಿ ಮನೆ ವಾಪಸು ಬಂತು.

ಡೈಮ್‌ನ ಹಿಂದೆ ಪಂಜು, ಆಲಿವ್ ಮತ್ತು ಓಕ್ ಕೊಂಬೆ, ಕಟ್ಟಡವಿಲ್ಲ. ಅರ್ಧ ಡಾಲರಿನಲ್ಲೂ ಇಲ್ಲ, 1776–1976ರದನ್ನು ಬಿಟ್ಟು. ಅದರಲ್ಲಿರುವುದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಬಿದ್ದ ಕಟ್ಟಡ.

ಹಂತ 6: ಕ್ವಾರ್ಟರ್‌ಗಳಿಗೆ ಒಂದು ಸಂಜೆ ಎತ್ತಿಡಿ

1998ರವರೆಗಿನವು ಸುಲಭ: ನಗಾರಿಯವನನ್ನು ಬಿಟ್ಟರೆ ಎಲ್ಲದರ ಹಿಂದೆ ಹದ್ದು. 1999ರ ಆಚೆಗಿನವನ್ನು ಇಸವಿ ಪ್ರಕಾರ ಮೂರು ಗುಡ್ಡೆ ಮಾಡಿ.

ಮೊದಲ ಗುಡ್ಡೆ 1999–2008, ರಾಜ್ಯಗಳು. ರಾಜ್ಯದ ಹೆಸರು ಮೇಲೆ ಇರುತ್ತದೆ, ಮನುಷ್ಯರ ಹೆಸರು ಹಲವು ಸಲ ಇರುವುದಿಲ್ಲ. ಕುದುರೆ ಸವಾರ ಕಂಡರೆ ಡೆಲವೇರ್‌ನ ಸೀಸರ್ ರಾಡ್ನಿ. ಕಾಯಿಲೆಯಲ್ಲೇ ಸುಮಾರು 80 ಮೈಲಿ ಕುದುರೆ ಓಡಿಸಿಕೊಂಡು ಹೋಗಿ ಸ್ವಾತಂತ್ರ್ಯದ ಪರ ಮತ ಹಾಕಿದವರು. ನಾಣ್ಯದಲ್ಲಿ ಹೆಸರಿದೆ, ಆದರೂ ವಾಷಿಂಗ್ಟನ್ ಎಂದೇ ಬಹಳ ಜನ ಹೇಳುತ್ತಾರೆ. ನ್ಯೂ ಜೆರ್ಸಿಯ ದೋಣಿಯಲ್ಲಿ ನಿಂತವರು ಮಾತ್ರ ನಿಜಕ್ಕೂ ವಾಷಿಂಗ್ಟನ್ನೇ. ಕುರ್ಚಿಯಲ್ಲಿ ಕೂತು ಬೆರಳಲ್ಲಿ ಓದುವಾಕೆ ಅಲಬಾಮಾದ ಹೆಲೆನ್ ಕೆಲ್ಲರ್. ಪಕ್ಕದ ಚುಕ್ಕಿಗಳು ಕೊಳೆಯಲ್ಲ, ಬ್ರೈಲ್‌ನಲ್ಲಿ ಬರೆದ ಅವರ ಹೆಸರು. ಬೆಟ್ಟ ನೋಡುತ್ತ ಕೋಲು ಹಿಡಿದು ನಿಂತವರು ಕ್ಯಾಲಿಫೋರ್ನಿಯಾದ ನಿಸರ್ಗಪ್ರೇಮಿ ಜಾನ್ ಮ್ಯೂರ್, ಎದುರಿಗಿರುವುದು ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಬಂಡೆಬೆಟ್ಟ. ಹವಾಯಿಯ ರಾಜ ಒಂದನೇ ಕಮೆಹಮೆಹ.

ಕಟ್ಟಡಗಳ ಪೈಕಿ ಮೇರಿಲ್ಯಾಂಡಿನದು ಅನಾಪೊಲಿಸ್‌ನ ಶಾಸನಸಭೆಯ ಮರದ ಗುಮ್ಮಟ, ಮಿಸೌರಿಯದು ಸೇಂಟ್ ಲೂಯಿಸ್‌ನ ಗೇಟ್‌ವೇ ಆರ್ಚ್ ಎಂಬ ಕಮಾನು, ಮೇಯ್ನ್‌ನದು ಪೆಮಕ್ವಿಡ್ ಪಾಯಿಂಟ್‌ನ ದೀಪಸ್ತಂಭ. ಸೌತ್ ಡಕೋಟದಲ್ಲಿ ಮೌಂಟ್ ರಶ್ಮೋರ್‌ನ ನಾಲ್ಕು ತಲೆ: ವಾಷಿಂಗ್ಟನ್, ಜೆಫರ್ಸನ್, ಥಿಯೊಡೋರ್ ರೂಸ್‌ವೆಲ್ಟ್, ಲಿಂಕನ್. ಡೈಮ್‌ನ ರೂಸ್‌ವೆಲ್ಟ್ ಬೇರೆ, ಈ ಕನ್ನಡಕದ ರೂಸ್‌ವೆಲ್ಟ್ ಬೇರೆ. ಮೊದಲು ಹೇಳಿದ ನ್ಯೂ ಹ್ಯಾಂಪ್‌ಶೈರ್ ನಾಣ್ಯದಲ್ಲಿರುವ ‘ಮುಖ’ ಮನುಷ್ಯನದೇ ಅಲ್ಲ. ಬಂಡೆಯೊಂದು ಮುದುಕನ ಮುಖದಂತೆ ಕಾಣುತ್ತಿತ್ತು. ನಾಣ್ಯ ಬಂದ ಮೂರೇ ವರ್ಷಕ್ಕೆ, 2003ರ ಮೇ ತಿಂಗಳಲ್ಲಿ, ಅದು ಕುಸಿದು ಬಿತ್ತು. ಈಗ ಉಳಿದಿರುವುದು ಇಂಥ ಚಿತ್ರಗಳಲ್ಲಿ ಮಾತ್ರ.

2009ರಲ್ಲಿ ರಾಜಧಾನಿ ಪ್ರದೇಶ ಮತ್ತು ದ್ವೀಪಪ್ರದೇಶಗಳ ಆರು ನಾಣ್ಯ ಬಂದವು. ಪಿಯಾನೋ ಮುಂದೆ ಕೂತವರು ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್.

ಎರಡನೇ ಗುಡ್ಡೆ 2010–2021: ರಾಷ್ಟ್ರೀಯ ಉದ್ಯಾನ, ಸ್ಮಾರಕಗಳು, ಒಟ್ಟು 56. ಜಾಗದ ಹೆಸರು ಅಂಚಿನಲ್ಲೇ ಇದೆ, ಓದಿಕೊಳ್ಳಿ.

ಮೂರನೇ ಗುಡ್ಡೆ 2022–2025: ಇಪ್ಪತ್ತು ಮಂದಿ ಅಮೆರಿಕನ್ ಮಹಿಳೆಯರು. ಕವಯಿತ್ರಿ ಮಾಯಾ ಏಂಜೆಲೊ, ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್, ನಟಿ ಅನ್ನಾ ಮೇ ವಾಂಗ್, ಕಣ್ಣಿಗೆ ಕಾಣದ ಕೃಷ್ಣದ್ರವ್ಯದ (ಡಾರ್ಕ್ ಮ್ಯಾಟರ್) ಸುಳಿವು ಹಿಡಿದ ಖಗೋಳ ವಿಜ್ಞಾನಿ ವೆರಾ ರೂಬಿನ್, ಟೆನಿಸ್ ಆಟಗಾರ್ತಿ ಆಲ್ತಿಯಾ ಗಿಬ್ಸನ್ ಇದರಲ್ಲಿದ್ದಾರೆ. ಸಂಸದೆ ಪ್ಯಾಟ್ಸಿ ಮಿಂಕ್ ಅವರ ಹಿಂದೆ ಕ್ಯಾಪಿಟಲ್ ಕಾಣುತ್ತದೆ, ಈ ಸಲ ಗುಮ್ಮಟ ಪೂರ್ತಿಯಾಗಿದೆ. ಹೆಸರು ಎಲ್ಲದರಲ್ಲೂ ಇದೆ.

ಹಂತ 7: ಡಾಲರ್ ನಾಣ್ಯ ಸಿಕ್ಕರೆ

ಹಳದಿ ಡಾಲರಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಯುವತಿ ಸಕಗವಿಯಾ, 1800ರ ದಶಕದ ಮೊದಲಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ಪಶ್ಚಿಮಕ್ಕೆ ಹೋದಾಗ ಜೊತೆಗಿದ್ದ ಶೊಶೋನಿ ಬುಡಕಟ್ಟಿನ ಹೆಣ್ಣುಮಗಳು. ಆಕೆಯ ಕಾಲದ ಚಿತ್ರ ಒಂದೂ ಇಲ್ಲ. ಶಿಲ್ಪಿ ಗ್ಲೆನಾ ಗುಡೇಕರ್ ಈಗಿನ ಕಾಲದ ಶೊಶೋನಿ ವಿದ್ಯಾರ್ಥಿನಿಯನ್ನು ಮಾದರಿಯಾಗಿ ಕೂರಿಸಿಕೊಂಡು ಆ ಮುಖ ಮಾಡಿದರು.

2007ರಿಂದ ಬಂದ ಅಧ್ಯಕ್ಷರ ಡಾಲರ್‌ಗಳಲ್ಲಿ ಹೆಸರು ಮುಂಭಾಗದಲ್ಲೇ ಇದೆ. ಹಿಂದೆ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಇಸವಿ ಕಾಣದಿದ್ದರೆ ನಾಣ್ಯವನ್ನು ನಿಲ್ಲಿಸಿ ಅಂಚು ನೋಡಿ, ಅಲ್ಲಿ ಕೊರೆದಿದ್ದಾರೆ. ತೀರಿಕೊಂಡು ಎರಡು ವರ್ಷವಾದ ಅಧ್ಯಕ್ಷರಿಗೆ ಮಾತ್ರ ಈ ಸಾಲಿನಲ್ಲಿ ಜಾಗ. ಗ್ರೋವರ್ ಕ್ಲೀವ್‌ಲ್ಯಾಂಡ್ ಎರಡು ಸಲ ಬಂದರೆ ಅಚ್ಚಿನ ತಪ್ಪಲ್ಲ. ನಡುವೆ ಸೋತು ಮತ್ತೆ ಗೆದ್ದು 22ನೇ ಮತ್ತು 24ನೇ ಅಧ್ಯಕ್ಷರಾದವರು ಅವರು.

ಬೆಳ್ಳಿ ಬಣ್ಣದ, ಕ್ವಾರ್ಟರಿಗಿಂತ ಎರಡು ಮಿಲಿಮೀಟರ್ ಮಾತ್ರ ದೊಡ್ಡದಾದ ನಾಣ್ಯದಲ್ಲಿ ಬಿಗಿ ತುರುಬಿನ ಹೆಂಗಸಿದ್ದರೆ ಅವರು ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆ್ಯಂಟನಿ. ಅದು ಒಂದು ಡಾಲರ್. ಕ್ವಾರ್ಟರ್ ಎಂದು ಕೊಟ್ಟುಬಿಡುತ್ತಾರೆಂದೇ ಅಲ್ಲಿನ ಜನ ಆ ನಾಣ್ಯವನ್ನು ಇಷ್ಟಪಡಲಿಲ್ಲ.

ಹಂತ 8: ಸಣ್ಣ ಅಕ್ಷರ ನೋಡಿ, ಬರೆದಿಡಿ

ಮುಖದ ಬಳಿ ಒಂಟಿ ಅಕ್ಷರವಿದ್ದರೆ ಅದು ‘ಮಿಂಟ್ ಮಾರ್ಕ್’, ಟಂಕಸಾಲೆಯ ಗುರುತು. ಪಿ ಎಂದರೆ ಫಿಲಡೆಲ್ಫಿಯಾ, ಡಿ ಎಂದರೆ ಡೆನ್ವರ್, ಎಸ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ಡಬ್ಲ್ಯು ಎಂದರೆ ವೆಸ್ಟ್ ಪಾಯಿಂಟ್. ಫಿಲಡೆಲ್ಫಿಯಾದ ಪೆನ್ನಿಯಲ್ಲಿ 2017 ಒಂದನ್ನು ಬಿಟ್ಟರೆ ಅಕ್ಷರ ಇರುವುದಿಲ್ಲ, ಹಾಗಾಗಿ ಅಕ್ಷರವಿಲ್ಲದ್ದು ಅಪರೂಪದ್ದಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಾಕು: ‘ಕ್ವಾರ್ಟರ್, 2003, ಪಿ, ಅಲಬಾಮಾ, ಹೆಲೆನ್ ಕೆಲ್ಲರ್.’ 1964 ಅಥವಾ ಅದಕ್ಕೂ ಹಿಂದಿನ ಡೈಮ್, ಕ್ವಾರ್ಟರ್, ಅರ್ಧ ಡಾಲರ್ ಇದ್ದರೆ ಬೇರೆ ಇಡಿ. ಅವುಗಳಲ್ಲಿ 90% ಬೆಳ್ಳಿ. ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಇರುವುದಿಲ್ಲ. ಉಳಿದವಕ್ಕೆ ‘ಲಕ್ಷ ರೂಪಾಯಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಹಳೆ ನಾಣ್ಯದ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ.

ಕೊನೆಗೆ, ಈ ಯಾವ ಹಂತಕ್ಕೂ ಸಿಗದ ಒಂದೆರಡು ನಾಣ್ಯ ಮೇಜಿನ ಮೇಲೆ ಉಳಿಯಬಹುದು. ಗಾತ್ರ, ಬಣ್ಣ ಪೆನ್ನಿಯದೇ, ಕ್ವಾರ್ಟರಿನದೇ, ಆದರೆ ತಲೆಯ ಬದಿಯಲ್ಲಿ ಎಲಿಜಬೆತ್ ರಾಣಿ. ಅವು ಕೆನಡಾದವು, ಗಡಿ ದಾಟಿ ಅಮೆರಿಕದ ಚಿಲ್ಲರೆಯೊಳಗೆ ಸೇರಿಕೊಂಡವು. ಇನ್ನೊಂದು ಡಬ್ಬಿ ತೆಗೆಯಿರಿ.